ಪಂಪ ಹಾರ್ಡ್‌ಕೋರ್, ರನ್ನ ಸಾಫ್ಟ್‌ಕೋರ್

ಪಂಪನಿಗೂ ರನ್ನನಿಗೂ ಸಾವಿರ ವರ್ಷದಿಂದ ಯಾವ ತಕರಾರೂ ಇರಲಿಲ್ಲ. ತಕರಾರು ಹುಟ್ಟಿದ್ದು ಒಂದು ಶನಿವಾರ ಹನ್ನೊಂದೂವರೆ ಗಂಟೆಗೆ, ಒಂದು ವಿಶ್ವವಿದ್ಯಾನಿಲಯದ ಕನ್ನಡ ಎಂ.ಎ. ಅಧ್ಯಯನ ಮಂಡಳಿಯ ಸಭೆಯಲ್ಲಿ, ಚೌಚೌಬಾತ್ ಮುಗಿದು ಕಾಫಿ ಇನ್ನೂ ಬಾರದಿದ್ದ ಹೊತ್ತಿನಲ್ಲಿ. ಮಂಡಳಿಗೆ ನಾನು ಹೊರಗಿನ ಸದಸ್ಯೆ. ಹೊರಗಿನ ಸದಸ್ಯರ ಮುಖ್ಯ ಕೆಲಸ ಬಸ್ ಟಿಕೆಟ್ಟನ್ನು ಕಳೆಯದೆ ಇಟ್ಟುಕೊಂಡು ಟಿ.ಎ. ಬಿಲ್ಲಿಗೆ ಅಂಟಿಸುವುದು. ಉಳಿದ ಸಮಯದಲ್ಲಿ ಅಭಿಪ್ರಾಯ ಹೇಳಬಹುದು.

ಅಧ್ಯಕ್ಷರು ಬೋರ್ಡಿನ ಮೇಲೆ ಮೂರು ಅಂಕಣ ಎಳೆದಿದ್ದರು: ಹಾರ್ಡ್‌ಕೋರ್, ಸಾಫ್ಟ್‌ಕೋರ್, ಓಪನ್ ಎಲೆಕ್ಟಿವ್. ಮೊದಲನೆಯದು ಎಲ್ಲರೂ ಓದಲೇಬೇಕಾದದ್ದು. ಎರಡನೆಯದು ವಿಭಾಗ ಕೊಟ್ಟ ಪಟ್ಟಿಯಲ್ಲಿ ಬೇಕಾದ್ದನ್ನು ಆರಿಸಿಕೊಳ್ಳುವುದು. ಮೂರನೆಯದಕ್ಕೆ ನಮ್ಮ ಹುಡುಗರು ಬೇರೆ ವಿಭಾಗಕ್ಕೆ ಹೋಗುತ್ತಾರೆ, ಬೇರೆಯವರು ನಮ್ಮಲ್ಲಿಗೆ ಬರುತ್ತಾರೆ. ಎಲ್ಲ ಸೇರಿ ನಾಲ್ಕು ಸೆಮಿಸ್ಟರಿಗೆ 76 ಕ್ರೆಡಿಟ್. ಒಂದು ಕಡಿಮೆಯಾದರೂ ಪದವಿ ಇಲ್ಲ, ನಾಲ್ಕು ಜಾಸ್ತಿಯಾದರೆ ಟೈಂಟೇಬಲ್ ಕೂರುವುದಿಲ್ಲ. ಹಾರ್ಡ್‌ಕೋರಿನಲ್ಲಿ ಒಂದೇ ಒಂದು ಹಳಗನ್ನಡ ಪತ್ರಿಕೆಗೆ ಜಾಗ ಉಳಿದಿತ್ತು, ಬಾಗಿಲಲ್ಲಿ ಇಬ್ಬರು ಕವಿಗಳು ನಿಂತಿದ್ದರು.

"ಪಂಪ ಹಾರ್ಡ್‌ಕೋರ್ ಇರಲಿ, ರನ್ನನನ್ನು ಸಾಫ್ಟ್‌ಕೋರಿಗೆ ಹಾಕೋಣ" ಎಂದರು ಅಧ್ಯಕ್ಷರು.

ಮೂಲೆಯಲ್ಲಿದ್ದ ಹಿರಿಯ ಮೇಷ್ಟ್ರಿಗೆ ಅದು ನಾಟಿತು. ಅವರು ರನ್ನನ ಗದಾಯುದ್ಧವನ್ನು ಜೀವಮಾನವಿಡೀ ಪಾಠ ಮಾಡಿದವರು. "ಶಕ್ತಿಕವಿ ಸಾರ್ ಅವನು. ಸಾಫ್ಟ್ ಅಂದ್ರೆ ಏನು ಮಾತು?"

"ಭಾವನೆ ಬೇಡ ಸಾರ್, ಕ್ರೆಡಿಟ್ ನೋಡಿ."

ಮೇಷ್ಟ್ರು ಕ್ರೆಡಿಟ್ಟನ್ನೇ ನೋಡಿದರು. ವಾರಕ್ಕೆ ಒಂದು ಗಂಟೆ ಪಾಠ ಮಾಡಿದರೆ ಒಂದು ಕ್ರೆಡಿಟ್, ಪ್ರಾಯೋಗಿಕವಾದರೆ ಎರಡು ಗಂಟೆಗೆ ಒಂದು. ಸೆಮಿಸ್ಟರಿಗೆ ಹದಿನಾರು ವಾರ. ಹಾಗಾಗಿ ನಾಲ್ಕು ಕ್ರೆಡಿಟ್ಟಿನ ಪತ್ರಿಕೆಗೆ 64 ಗಂಟೆ. ಪಂಪನ ವಿಕ್ರಮಾರ್ಜುನ ವಿಜಯಕ್ಕೆ ಹದಿನಾಲ್ಕು ಆಶ್ವಾಸ. ಕ್ರೀಡಾಕೂಟ, ಯೂನಿಯನ್ ಡೇ, ಜಯಂತಿಗಳು, ಯಾರೋ ತೀರಿಕೊಂಡರೆಂದು ಕೊಡುವ ರಜೆ ಎಲ್ಲ ಕಳೆದರೆ ಹನ್ನೆರಡು ಆಶ್ವಾಸದ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ. ರನ್ನ ತನ್ನ ಕಾವ್ಯ ಬೆಳೆಸಿದ್ದೇ ಪಂಪನ ಹದಿಮೂರನೆಯ ಆಶ್ವಾಸದಿಂದ. "ಅಂದರೆ ಸಾಫ್ಟ್‌ಕೋರ್ ತೆಗೆದುಕೊಳ್ಳದ ಹುಡುಗನಿಗೆ ದುರ್ಯೋಧನ ಸತ್ತನೋ ಇಲ್ಲವೋ ಗೊತ್ತೇ ಆಗಲ್ಲ. ಎಂ.ಎ. ಸರ್ಟಿಫಿಕೇಟ್ ಮಾತ್ರ ಕೈಗೆ ಬರುತ್ತೆ" ಎಂದರು ಮೇಷ್ಟ್ರು. ಆಗ ಕಾಫಿ ಬಂತು. ನಡಾವಳಿಯಲ್ಲಿ ಇದ್ಯಾವುದೂ ದಾಖಲಾಗಿಲ್ಲ. ‘ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದಿದೆ.

ಎಂ.ಎ. ಎಂದರೆ ಎಷ್ಟು ವರ್ಷ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಬಹಳ ಹಳೆಯದು. ನನ್ನ ದೊಡ್ಡಪ್ಪ ಐವತ್ತರ ದಶಕದಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದವರು. ಅವರ ಕಾಲದಲ್ಲಿ ಇಂಟರ್‌ಮೀಡಿಯಟ್ ಎರಡು ವರ್ಷ, ಬಿ.ಎ. ಆನರ್ಸ್ ಮೂರು ವರ್ಷ, ಆಮೇಲೆ ಎಂ.ಎ. ಒಂದೇ ವರ್ಷ. ನಾನು ಪದವಿ ಮುಗಿಸುವ ಹೊತ್ತಿಗೆ ಆ ಆನರ್ಸ್ ಹೋಗಿ ಎಂ.ಎ. ಎರಡು ವರ್ಷಕ್ಕೆ ಲಂಬಿಸಿತ್ತು. ದೊಡ್ಡಪ್ಪನಿಗೆ ಇದು ನಮ್ಮ ತಲೆಮಾರಿನ ಬುದ್ಧಿಶಕ್ತಿಗೆ ಸಂಬಂಧಿಸಿದ ವಿಷಯ. "ಒಂದು ವರ್ಷದ್ದನ್ನ ಎರಡು ವರ್ಷ ಓದ್ತೀಯಾ ಪುಟ್ಟಿ?" ಎಂದು ಹಬ್ಬಕ್ಕೆ ಹೋದಾಗಲೆಲ್ಲ ಕೇಳುತ್ತಿದ್ದರು. ಹೋಳಿಗೆ ಬಡಿಸುತ್ತಿದ್ದ ದೊಡ್ಡಮ್ಮ "ಓದ್ಲಿ ಬಿಡಿ, ಗಂಡು ಸಿಗೋವರೆಗೆ ಓದ್ಲಿ" ಎನ್ನುತ್ತಿದ್ದರು. ಆ ಕಾಲದಲ್ಲಿ ಹೆಣ್ಣುಮಕ್ಕಳ ಸ್ನಾತಕೋತ್ತರ ಶಿಕ್ಷಣದ ಅವಧಿಯನ್ನು ನಿಗದಿ ಮಾಡುತ್ತಿದ್ದದ್ದು ಯಾವ ಆಯೋಗವೂ ಅಲ್ಲ, ಜಾತಕ.

ಈಗ ನೋಡಿದರೆ ದೊಡ್ಡಪ್ಪನ ಲೆಕ್ಕ ತಿರುಗಿ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರು ದಾರಿ ಬರೆಯಿತು. ಮೂರು ವರ್ಷದ ಪದವಿ ಮಾಡಿದವರಿಗೆ ಎರಡು ವರ್ಷದ ಎಂ.ಎ., ಬೇಕೆಂದರೆ ಅದರ ಎರಡನೆಯ ವರ್ಷವನ್ನು ಪೂರ್ತಿ ಸಂಶೋಧನೆಗೇ ಇಡಬಹುದು. ನಾಲ್ಕು ವರ್ಷದ ಆನರ್ಸ್ ಮಾಡಿದವರಿಗೆ ಒಂದೇ ವರ್ಷದ ಎಂ.ಎ. ಪಿಯುಸಿ ಆದ ಕೂಡಲೇ ಸೇರುವವರಿಗೆ ಐದು ವರ್ಷದ ಸಮಗ್ರ ಕೋರ್ಸು. 2024ರಲ್ಲಿ ಯುಜಿಸಿ ಸ್ನಾತಕೋತ್ತರ ಪಠ್ಯಕ್ರಮದ ಚೌಕಟ್ಟು ಹೊರಡಿಸಿ ಇದಕ್ಕೆ ಮೈಕೈ ತುಂಬಿತು. ಎರಡು ವರ್ಷದ ಎಂ.ಎ.ಗೆ ಸೇರಿದವರು ಮೊದಲ ವರ್ಷ ಮುಗಿಸಿ ಸಾಕೆನಿಸಿದರೆ ಪಿ.ಜಿ. ಡಿಪ್ಲೊಮಾ ಹಿಡಿದು ಹೊರಗೆ ಬರಬಹುದು. ಹಿಂದೆ ಇದಕ್ಕೆ ‘ಓದು ಬಿಟ್ಟ’ ಎನ್ನುತ್ತಿದ್ದರು, ಸರ್ಟಿಫಿಕೇಟ್ ಕೊಡುತ್ತಿರಲಿಲ್ಲ. ದೊಡ್ಡಪ್ಪ ಇದ್ದಿದ್ದರೆ ಒಂದು ವರ್ಷದ ಎಂ.ಎ. ಸುದ್ದಿ ಓದಿ ಕನ್ನಡಕ ಒರೆಸಿಕೊಂಡು ನನ್ನ ಕಡೆ ನೋಡುತ್ತಿದ್ದ ನೋಟ ಹೇಗಿರುತ್ತಿತ್ತೆಂದು ನನಗೆ ಚೆನ್ನಾಗಿ ಗೊತ್ತು.

ಈ ಸುತ್ತೋಲೆಗಳೆಲ್ಲ ಬರುವುದು ದೆಹಲಿಯ ಬಹದೂರ್ ಷಾ ಜಫರ್ ಮಾರ್ಗದಿಂದ. ಯುಜಿಸಿ ಎಂದರೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅದರ ಕಚೇರಿ ಇರುವುದು ಅಲ್ಲಿ. 1953ರಲ್ಲಿ ಶುರುವಾಗಿ 1956ರ ಕಾಯಿದೆಯಿಂದ ಅಧಿಕಾರ ಪಡೆದ ಸಂಸ್ಥೆ. ದೇಶದಲ್ಲಿ ಯಾವ ಪದವಿಗೆ ಪದವಿ ಎನ್ನಬಹುದು ಎಂದು ಹೇಳುವ ಹಕ್ಕು ಅದರದು. ಜಫರ್ ಎಂದರೆ ಕೊನೆಯ ಮೊಗಲ್ ದೊರೆ, ರಾಜ್ಯಕ್ಕಿಂತ ಗಜಲ್ ಚೆನ್ನಾಗಿ ಕಟ್ಟಿದವನು, ರಂಗೂನಿನಲ್ಲಿ ಬಂದಿಯಾಗಿ ತೀರಿಕೊಂಡವನು. ಅಂಥ ಕವಿಯ ಹೆಸರಿನ ಬೀದಿಯಿಂದ ಕಾವ್ಯಕ್ಕೆ ಇಷ್ಟು ಗಂಟೆ ಎಂಬ ಆದೇಶ ಹೊರಡುತ್ತದೆ. ನಮ್ಮ ಸಭೆಯಲ್ಲಿ ಇದನ್ನು ಹೇಳಿದೆ. ಅಧ್ಯಕ್ಷರು "ಮೇಡಂ, ಅಜೆಂಡಾದಲ್ಲಿ ಇಲ್ಲ" ಎಂದರು.

ಆದೇಶ ದೆಹಲಿಯಿಂದ ಬಂದರೂ ಒಗ್ಗರಣೆ ಹಾಕುವವರು ಬೆಂಗಳೂರಿನವರು. 1976ರ ತಿದ್ದುಪಡಿಯಿಂದ ಶಿಕ್ಷಣ ಸಮವರ್ತಿ ಪಟ್ಟಿಗೆ ಬಂತು, ಕೇಂದ್ರಕ್ಕೂ ಹಕ್ಕು, ರಾಜ್ಯಕ್ಕೂ ಹಕ್ಕು. ಎರಡು ಹಕ್ಕುದಾರರ ಆಸ್ತಿಯಲ್ಲಿ ಏನಾಗುತ್ತದೆಂದು ಹಳ್ಳಿಯಿಂದ ಬಂದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2021ರಲ್ಲಿ ಕರ್ನಾಟಕದಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024-25ರಿಂದ ಮತ್ತೆ ಮೂರೇ ವರ್ಷವಾಯಿತು. ನಡುವೆ ಸೇರಿದ್ದ ಪಕ್ಕದ ಮನೆ ಹುಡುಗನಿಗೆ, ಮೂರಕ್ಕೆ ಇಳಿದು ಎರಡು ವರ್ಷದ ಎಂ.ಎ.ಗೆ ಹೋಗುವುದೋ, ನಾಲ್ಕು ಮುಗಿಸಿ ಒಂದು ವರ್ಷದ್ದನ್ನು ಹುಡುಕುವುದೋ ಎಂಬ ಧರ್ಮಸಂಕಟ. ಎಲ್ಲಿಂದ ಕೂಡಿದರೂ ಐದೇ ಬರುತ್ತದಲ್ಲ ಎಂದೆ. "ಆಂಟಿ, ಫೀಸು ಹಾಗೆ ಕೂಡಲ್ಲ" ಎಂದ. ಅರ್ಥಶಾಸ್ತ್ರದವನು.

ಹಾಗೆ ನೋಡಿದರೆ ಎಂ.ಎ. ಓದಲು ತರಗತಿ ಬೇಕು ಎಂಬುದೇ ನಮ್ಮ ದೇಶದಲ್ಲಿ ತಡವಾಗಿ ಹೊಳೆದ ವಿಚಾರ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಹುಟ್ಟಿದ ವಿ.ವಿ.ಗಳು ಪಾಠ ಮಾಡುತ್ತಿರಲಿಲ್ಲ. ಪರೀಕ್ಷೆ ಮಾಡುತ್ತಿದ್ದವು, ಪದವಿ ಕೊಡುತ್ತಿದ್ದವು. ಪಾಠ ಕಾಲೇಜುಗಳ ತಲೆನೋವು. ಅಶುತೋಷ್ ಮುಖರ್ಜಿಯವರು ಹಟ ಹಿಡಿದು 1917ರ ಹೊತ್ತಿಗೆ ಕಲ್ಕತ್ತದಲ್ಲಿ ವಿ.ವಿ.ಯೇ ಸ್ನಾತಕೋತ್ತರ ಪಾಠ ನಡೆಸುವ ವ್ಯವಸ್ಥೆ ಮಾಡಿದರು. ಅದಕ್ಕೆ ಒಂದು ವರ್ಷ ಮುಂಚೆ ನಮ್ಮ ಮೈಸೂರು ವಿ.ವಿ. ಹುಟ್ಟಿತ್ತು. ಅಲ್ಲೂ ಕನ್ನಡದಲ್ಲಿ ಎಂ.ಎ. ಶುರುವಾಗಲು ಇಪ್ಪತ್ತರ ದಶಕದ ಕೊನೆ ಬರಬೇಕಾಯಿತು. ಆರಂಭದ ಆ ತಂಡದಲ್ಲಿ ಓದಿ 1929ರಲ್ಲಿ ಪಾಸಾದವರು ಕುವೆಂಪು. ಅದೇ ವಿ.ವಿ.ಗೆ ಆಮೇಲೆ ಕುಲಪತಿಯಾದರು, ಸ್ನಾತಕೋತ್ತರ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ನಮ್ಮ ಮಂಡಳಿಯ ಪಟ್ಟಿಯಲ್ಲಿ ಈಗ ಅವರು ‘ವಿಶೇಷ ಸಾಹಿತಿ ಅಧ್ಯಯನ’ದ ಅಡಿಯಲ್ಲಿ ನಾಲ್ಕು ಕ್ರೆಡಿಟ್. ಶ್ರೀ ರಾಮಾಯಣ ದರ್ಶನಂ ಒಂದು ಘಟಕ, ಎರಡು ಕಾದಂಬರಿ ಸೇರಿ ಇನ್ನೊಂದು ಘಟಕ. ಓದುವ ಹುಡುಗರಿಗೆ ನನ್ನ ನಮಸ್ಕಾರ.

ನಾನು ಎಂ.ಎ. ಮಾಡಿದ್ದು ವಾರ್ಷಿಕ ಪದ್ಧತಿಯಲ್ಲಿ. ಯಾವ ವಿ.ವಿ. ಎಂದು ಹೇಳುವುದಿಲ್ಲ. ಹೇಳಿದರೆ ಪರೀಕ್ಷಾಂಗದವರು ನನ್ನ ಅಂಕಪಟ್ಟಿಯ ಕಡತ ಮತ್ತೆ ಬಿಚ್ಚಬಹುದೆಂಬ ಭಯ ನಿವೃತ್ತಿಯಾದ ಮೇಲೂ ಹೋಗಿಲ್ಲ. ಜುಲೈನಲ್ಲೋ ಆಗಸ್ಟಿನಲ್ಲೋ ತರಗತಿ ಶುರು, ಏಪ್ರಿಲ್-ಮೇ ಬಿಸಿಲಿನಲ್ಲಿ ಪರೀಕ್ಷೆ. ನಡುವೆ ಯಾರೂ ಏನೂ ಕೇಳುವುದಿಲ್ಲ. ಇಂಟರ್ನಲ್ಸ್ ಇಲ್ಲ, ಸೆಮಿನಾರ್ ಇಲ್ಲ, ಅಸೈನ್‌ಮೆಂಟ್ ಎಂಬ ಶಬ್ದವೇ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಛಂದಸ್ಸು, ಕಾವ್ಯಮೀಮಾಂಸೆ, ಭಾಷಾವಿಜ್ಞಾನ, ಗ್ರಂಥಸಂಪಾದನೆ, ಹಳಗನ್ನಡ, ನಡುಗನ್ನಡ ಎಂದು ಪತ್ರಿಕೆಗಳು. ಒಂದೊಂದಕ್ಕೂ ನೂರು ಅಂಕ, ಮೂರು ಗಂಟೆ, ಹತ್ತರಲ್ಲಿ ಐದು ಪ್ರಶ್ನೆ, ಕೊನೆಯಲ್ಲಿ ಸಂದರ್ಭಸಹಿತ ಸ್ವಾರಸ್ಯ. ಸ್ವಾರಸ್ಯ ಗೊತ್ತಿದ್ದು ಸಂದರ್ಭ ಮರೆತವರು ಅರ್ಧ ಅಂಕದಲ್ಲಿ ಉಳಿಯುತ್ತಿದ್ದರು. ನಾನು ಆ ಪಂಗಡದವಳು.

ಆ ಪದ್ಧತಿಯನ್ನು ಈಗ ಹಾಡಿ ಹೊಗಳುವವರಿದ್ದಾರೆ. ನಾನು ಹೊಗಳಲಾರೆ. ಇಡೀ ವರ್ಷದ ಓದು ಒಂದು ಬೆಳಗಿನ ಮೇಲೆ ನಿಂತಿರುತ್ತಿತ್ತು. ಆ ಬೆಳಗ್ಗೆ ಜ್ವರ ಬಂದರೆ, ಊರಿಂದ ಬರುವ ಬಸ್ಸು ಕೆಟ್ಟು ನಿಂತರೆ, ವರ್ಷವೇ ಹೋಯಿತು. ನಮ್ಮ ಹಾಸ್ಟೆಲಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೇಶಿರಾಜನ ವ್ಯಾಕರಣವನ್ನು ಬಿಡಿಸಿ ಹೇಳುತ್ತಿದ್ದ ಹುಡುಗಿ ಭಾಷಾವಿಜ್ಞಾನದ ದಿನ ತಾಯಿಯ ಕಾಯಿಲೆಯ ಟೆಲಿಗ್ರಾಂ ಬಂದು ಊರಿಗೆ ಹೋದಳು. ಮುಂದಿನ ವರ್ಷ ಬರೆಯುತ್ತೇನೆಂದವಳ ಮದುವೆಯಾಯಿತು. ಅವಳಿಗೆ ಈಗಿನ ಸಿ-1, ಸಿ-2 ಇಂಟರ್ನಲ್ಸ್ ಹಾಗೆ ಮೊದಲೇ ಒಂದಷ್ಟು ಅಂಕ ಕೈಯಲ್ಲಿರುವ ವ್ಯವಸ್ಥೆ ಇದ್ದಿದ್ದರೆ, ಬಿಟ್ಟ ಪತ್ರಿಕೆಯನ್ನು ಆರು ತಿಂಗಳಿಗೇ ಬರೆಯುವ ಅವಕಾಶ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಹೊಸ ಪದ್ಧತಿಯನ್ನು ಬೈಯಲು ಬಾಯಿ ತೆರೆದಾಗೆಲ್ಲ ಅವಳ ಮುಖ ನೆನಪಾಗಿ ಸ್ವಲ್ಪ ತಗ್ಗುತ್ತೇನೆ.

ಆದರೂ ಆ ಏನೂ ಕೇಳದ ಒಂಬತ್ತು ತಿಂಗಳಿತ್ತಲ್ಲ, ಅದರದೇ ಒಂದು ಸುಖ. ಮಧ್ಯಾಹ್ನ ಒಂದೂವರೆಯ ಮೇಲೆ ಮಾಡಲು ಏನೂ ಇರುತ್ತಿರಲಿಲ್ಲ. ಲೈಬ್ರರಿಯ ಕಪಾಟಿನ ಸಂದಿಯಲ್ಲಿ ಕೂತು, ಬೇಕಾದ ಪುಸ್ತಕ ಹುಡುಕುತ್ತ ಬೇಡದ ಪುಸ್ತಕ ಓದುವುದು. ಮೇಷ್ಟ್ರ ಮನೆಗೆ ಸಂದೇಹ ಕೇಳಲು ಹೋಗಿ, ಸಂದೇಹ ಬಿಟ್ಟು ಅವಲಕ್ಕಿ ತಿಂದು ಬರುವುದು. ಪಂಪನ ಪಾಠ ಮಾಡುತ್ತಿದ್ದ ಮೇಷ್ಟ್ರು ಮೊದಲ ಆಶ್ವಾಸ ದಾಟಲು ದಸರಾವರೆಗೆ ತೆಗೆದುಕೊಂಡರು. ಒಂದು ಪದ್ಯ ಹಿಡಿದರೆ ವಾರ. ಸಿಲಬಸ್ ಮುಗಿಯದಿದ್ದದ್ದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಉಳಿದದ್ದನ್ನು ನಾವೇ ಓದಿಕೊಳ್ಳುತ್ತೇವೆಂದು ಅವರು ನಂಬಿದ್ದರು. ನಮ್ಮನ್ನು ನಂಬಿದ ಕೊನೆಯ ಮೇಷ್ಟ್ರು ಅವರೇ ಇರಬೇಕು. ಆಮೇಲೆ ಬಂದವರೆಲ್ಲ ನೋಟ್ಸ್ ಕೊಟ್ಟರು.

ಶಾಸನ ಹೇಳಿಕೊಡುತ್ತಿದ್ದವರು ಇನ್ನೊಬ್ಬರು. ಒಂದು ಭಾನುವಾರ "ಬನ್ರೋ, ಪಡಿಯಚ್ಚು ತೆಗೆಯೋಣ" ಎಂದು ನಾಲ್ಕೈದು ಜನರನ್ನು ಕೆಂಪು ಬಸ್ಸಿನಲ್ಲಿ ಕೂರಿಸಿಕೊಂಡು ಹೊರಟರು. ಊರಾಚೆಯ ಹುಣಸೆಮರದ ಕೆಳಗೆ ವೀರಗಲ್ಲು. ಅರ್ಧ ಮಣ್ಣಲ್ಲಿ, ಇನ್ನರ್ಧಕ್ಕೆ ಯಾರೋ ಸುಣ್ಣ ಬಳಿದಿದ್ದರು. ನೀರು ತಂದು ಕಲ್ಲನ್ನು ಉಜ್ಜಿ ತೊಳೆದೆವು. ಒದ್ದೆ ಕಾಗದ ಹರಡಿ, ಬ್ರಷ್ಷಿನಿಂದ ಮೆತ್ತಗೆ ಬಡಿಯುತ್ತ ಹೋದರೆ ಕಾಗದ ಅಕ್ಷರದ ಗುಳಿಯೊಳಕ್ಕೆ ಇಳಿಯುತ್ತದೆ. ಇನ್ನೇನು ಒಣಗುವ ಮೊದಲು ಮಸಿ ಅದ್ದಿದ ಬಟ್ಟೆಯುಂಡೆಯಿಂದ ಒತ್ತಬೇಕು. ಗುಳಿಗೆ ಮಸಿ ತಾಗುವುದಿಲ್ಲ, ಸುತ್ತಲೂ ಕಪ್ಪಾಗಿ ನಡುವೆ ಬೆಳ್ಳಗೆ ಅಕ್ಷರ ಮೂಡುತ್ತದೆ. ಮೂಡಿದ್ದು ಹೆಸರೇ ಗೊತ್ತಿಲ್ಲದ ಒಬ್ಬ ರೈತನ ಮಗ, ಊರಿನ ದನ ಬಿಡಿಸಲು ಹೋಗಿ ಸತ್ತವನು. ಮೇಷ್ಟ್ರು ಒಂದೊಂದೇ ಅಕ್ಷರ ಓದಿಸಿದರು. ಅಷ್ಟರಲ್ಲಿ ಮಳೆ ಹನಿ ಬಿತ್ತು, ಕಾಗದ ಉಳಿಸಿಕೊಳ್ಳಲು ಎಲ್ಲರೂ ಬಗ್ಗಿ ನಿಂತೆವು. ಒಬ್ಬ ಹುಡುಗ ಅಂಗಿ ಬಿಚ್ಚಿ ಹಿಡಿದ. ನಮ್ಮ ಪತ್ರಿಕೆಯಲ್ಲಿ ಪಡಿಯಚ್ಚಿನ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ, ಬರುವುದಿಲ್ಲವೆಂದು ಮೇಷ್ಟ್ರು ಹೊರಡುವಾಗಲೇ ಹೇಳಿದ್ದರು.

ಅದೇ ಈಗ ಸಿಲಬಸ್ಸಿನಲ್ಲಿ ‘ಕ್ಷೇತ್ರಕಾರ್ಯ’ ಎಂದು ಸೇರಿದೆ. ಪಾಠ ಸೊನ್ನೆ, ಟ್ಯುಟೋರಿಯಲ್ ಸೊನ್ನೆ, ಪ್ರಾಯೋಗಿಕ ಎರಡು ಎಂದು ಅದರ ಮುಂದೆ ಬರೆದಿರುತ್ತದೆ. ನಿವೃತ್ತಿಗೆ ಮುಂಚೆ ನಾನೂ ಹುಡುಗರನ್ನು ಕರೆದುಕೊಂಡು ಹೋಗಿದ್ದೇನೆ. ಬಸ್ಸಿಳಿದ ಕೂಡಲೇ ಬ್ಯಾನರ್ ಹಿಡಿದು ಫೋಟೊ ತೆಗೆಯಬೇಕು, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ಸಮಿತಿ ಬಂದಾಗ ತೋರಿಸಲು. ಫೋಟೊದ ಮೂಲೆಯಲ್ಲಿ ಸ್ಥಳ, ದಿನಾಂಕ, ಸಮಯ ತಾನಾಗಿ ಮೂಡಿರಬೇಕು. ಕಲ್ಲಿನ ಅಕ್ಷರ ಕಾಣದಿದ್ದರೂ ನಡೆಯುತ್ತದೆ, ಅಕ್ಷಾಂಶ ರೇಖಾಂಶ ಕಾಣಲೇಬೇಕು. ಆಮೇಲೆ ವರದಿ, ಹಾಜರಿ ಪಟ್ಟಿ, ವಿದ್ಯಾರ್ಥಿಗಳ ಅಭಿಪ್ರಾಯದ ಅರ್ಜಿ. ಇಷ್ಟೆಲ್ಲ ಆದ ಮೇಲೂ ಒಂದಿಬ್ಬರು ಹುಡುಗಿಯರು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಅಕ್ಷರ ತಡವುತ್ತಿದ್ದರು. ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ಅವರನ್ನು ಎಬ್ಬಿಸಿಕೊಂಡು ಬರುವ ಕೆಲಸ ನನ್ನದಾಗಿತ್ತು, ಅದನ್ನು ನಾನು ಬೇಕೆಂದೇ ನಿಧಾನವಾಗಿ ಮಾಡುತ್ತಿದ್ದೆ.

ಕ್ರೆಡಿಟ್ ಲೆಕ್ಕ ನನಗೆ ಅರ್ಥವಾದದ್ದು ಯುಜಿಸಿ ಮಾರ್ಗಸೂಚಿಯಿಂದಲ್ಲ, ನಮ್ಮೂರ ಡೇರಿಯ ಪಾಸ್‌ಬುಕ್ಕಿನಿಂದ. ಎಷ್ಟು ಲೀಟರ್ ಹಾಕಿದೆ ಎಂಬುದು ಒಂದು ಕಾಲಂ, ಫ್ಯಾಟ್ ಎಷ್ಟು ಬಂತು ಎಂಬುದು ಇನ್ನೊಂದು. ಎರಡನ್ನೂ ಸೇರಿಸಿ ನೋಡಿದರಷ್ಟೇ ಬಟವಾಡೆ ತಿಳಿಯುವುದು. ಇಲ್ಲೂ ಹಾಗೇ. ಕ್ರೆಡಿಟ್ ಎಂದರೆ ಲೀಟರು, ಗ್ರೇಡ್ ಎಂದರೆ ಫ್ಯಾಟು. ನಾಲ್ಕು ಕ್ರೆಡಿಟ್ಟಿನ ಪತ್ರಿಕೆಯಲ್ಲಿ ಎಂಟು ಗ್ರೇಡ್ ಪಾಯಿಂಟ್ ಬಂದರೆ ಮೂವತ್ತೆರಡು. ಹೀಗೆ ಎಲ್ಲವನ್ನೂ ಕೂಡಿ ಒಟ್ಟು ಕ್ರೆಡಿಟ್ಟಿನಿಂದ ಭಾಗಿಸಿದರೆ ಸಿಜಿಪಿಎ. 2015ರ ಮಾರ್ಗಸೂಚಿಯಲ್ಲಿ ‘ಓ’ ಎಂದರೆ ಹತ್ತು, ‘ಎ ಪ್ಲಸ್’ ಒಂಬತ್ತು, ಇಳಿಯುತ್ತ ಇಳಿಯುತ್ತ ‘ಪಿ’ ಎಂದರೆ ನಾಲ್ಕು. ನಮ್ಮ ಕಾಲದಲ್ಲಿ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಅಷ್ಟೇ ಇದ್ದದ್ದು, ರೈಲಿನಲ್ಲಿದ್ದ ಹಾಗೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಈಗ ಮಗನಿಗೆ 7.84 ಬಂತು ಎಂದರೆ ಸಂಭ್ರಮಿಸಬೇಕೋ ಸಮಾಧಾನ ಹೇಳಬೇಕೋ ತಿಳಿಯದೆ ನೆಂಟರು ಸುಮ್ಮನೆ ಸ್ವೀಟ್ ತೆಗೆದುಕೊಳ್ಳುತ್ತಾರೆ.

ಬದಲಾಗದೆ ಉಳಿದದ್ದು 55. ಅಧ್ಯಾಪಕ ಹುದ್ದೆಯ ಅರ್ಹತೆಗಾಗಿ ನೆಟ್ ಪರೀಕ್ಷೆಗೆ ಕೂರಲು ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ ಶೇಕಡಾ 55 ಬೇಕು, ದಶಮಾಂಶವನ್ನು ಮೇಲಕ್ಕೆ ಎತ್ತುವ ಹಾಗಿಲ್ಲ. 54.7 ಪಡೆದ ನನ್ನ ಸಹಪಾಠಿಯೊಬ್ಬ ಇಂಪ್ರೂವ್‌ಮೆಂಟ್ ಕಟ್ಟಿ ಕಟ್ಟಿ ಕೊನೆಗೆ ಎಲ್‌ಐಸಿ ಏಜೆಂಟನಾದ. ಈಗ ನಮ್ಮ ತಂಡದಲ್ಲಿ ಸ್ವಂತ ಎರಡಂತಸ್ತಿನ ಮನೆ ಇರುವವನು ಅವನೊಬ್ಬನೇ. ಎಂ.ಎ.ಗೂ ಪಿಎಚ್.ಡಿ.ಗೂ ನಡುವೆ ಎಂ.ಫಿಲ್. ಎಂಬ ಒಂದು ತಂಗುದಾಣವಿತ್ತು, ನೌಕರಿ ಸಿಗದವರು ಬಸ್ಸು ಬರುವವರೆಗೆ ಅಲ್ಲಿ ಕೂರುತ್ತಿದ್ದರು. 2022ರ ನಿಯಮ ಅದನ್ನೂ ತೆಗೆಯಿತು.

ಅಣ್ಣನ ಮಗಳು ಈಗ ಅರ್ಥಶಾಸ್ತ್ರ ಎಂ.ಎ. ಎರಡನೆಯ ಸೆಮಿಸ್ಟರ್. ಅವಳ ವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕೂವರೆವರೆಗೆ ಚೌಕ ಚೌಕವಾಗಿ ಮೊಬೈಲಿನಲ್ಲಿ ಬಣ್ಣ ತುಂಬಿ ಕೂತಿದೆ. ಸೆಮಿಸ್ಟರಿನ ಮಧ್ಯೆ ಸಿ-1, ಸಿ-2, ಕೊನೆಗೆ ಸಿ-3. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದರ ಸೆಮಿನಾರು. ಗಳಿಸಿದ ಕ್ರೆಡಿಟ್ಟೆಲ್ಲ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬಲ್ಲಿ ಜಮೆಯಾಗುತ್ತದೆ. 2021ರಲ್ಲಿ ಶುರುವಾದ ವ್ಯವಸ್ಥೆ ಇದು, ಏಳು ವರ್ಷದವರೆಗೆ ಬಳಸಿಕೊಳ್ಳಬಹುದು. "ನೋಡಿ ಅತ್ತೆ, ನಡುವೆ ಬಿಟ್ಟು ಹೋಗಿ ಮತ್ತೆ ಬಂದರೂ ನಂದು ಎಲ್ಲೂ ಹೋಗಲ್ಲ" ಎಂದಳು. ಟೆಲಿಗ್ರಾಂ ಬಂದು ಊರಿಗೆ ಹೋದವಳ ಹೆಸರಿನಲ್ಲಿ ಅಂಥ ಖಾತೆ ತೆರೆದಿದ್ದರೆ ಕೇಶಿರಾಜ ಒಬ್ಬ ಒಳ್ಳೆಯ ಮೇಷ್ಟರನ್ನು ಕಳೆದುಕೊಳ್ಳುತ್ತಿರಲಿಲ್ಲ. ಹುಡುಗಿಗೆ ಇದನ್ನೆಲ್ಲ ಹೇಳಲಿಲ್ಲ. "ಮಧ್ಯಾಹ್ನ ಖಾಲಿ ಇರೋದು ಯಾವತ್ತು?" ಎಂದು ಕೇಳಿದೆ. ಅವಳು ಆ ಬಣ್ಣದ ಚೌಕಗಳನ್ನು ಮೇಲೆ ಕೆಳಗೆ ಉಜ್ಜಿ ನೋಡಿ, "ಖಾಲಿ ಯಾಕೆ ಬೇಕು?" ಎಂದಳು.

ಹೊಸ ಪದ್ಧತಿಯಲ್ಲಿ ನನಗೆ ಮನಸಾರೆ ಇಷ್ಟವಾದದ್ದು ಓಪನ್ ಎಲೆಕ್ಟಿವ್. ನೌಕರಿಯ ಕೊನೆಯ ವರ್ಷಗಳಲ್ಲಿ ‘ಹಸ್ತಪ್ರತಿ ಪರಿಚಯ’ ಎಂಬ ಪತ್ರಿಕೆ ಪಾಠ ಮಾಡಿದೆ. ಕೂತವರಲ್ಲಿ ಹೆಚ್ಚಿನವರು ಎಂ.ಎಸ್ಸಿ. ರಸಾಯನಶಾಸ್ತ್ರದವರು, ಅವರಿಗೆ ಬೇಕಾಗಿದ್ದ ಬಯೋಟೆಕ್ನಾಲಜಿ ಕೆಲವೇ ನಿಮಿಷದಲ್ಲಿ ಭರ್ತಿಯಾಗಿ, ಬೇರೆ ದಾರಿಯಿಲ್ಲದೆ ಇಲ್ಲಿಗೆ ಬಂದವರು. ಓಲೆಗರಿಯ ಮೇಲೆ ಮಸಿಯಿಂದ ಬರೆಯುತ್ತಿರಲಿಲ್ಲ, ಕಂಟದಿಂದ ಕೊರೆಯುತ್ತಿದ್ದರು, ಆಮೇಲೆ ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ ಗರಿಯ ಮೇಲೆ ಉಜ್ಜಿ ಒರೆಸಿದರೆ ಕೊರೆದ ಗೀರಿನಲ್ಲಿ ಕಪ್ಪು ಉಳಿಯುತ್ತಿತ್ತು ಎಂದು ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗ ಒಮ್ಮೆಲೇ ಎದ್ದು "ಮೇಡಂ, ಅದು ಕಾರ್ಬನ್ ಬ್ಲ್ಯಾಕ್, ಯಾವುದರ ಜೊತೆಗೂ ಸುಲಭಕ್ಕೆ ರಿಯಾಕ್ಟ್ ಆಗಲ್ಲ. ಅದಕ್ಕೇ ಮಾಸಿಲ್ಲ. ಹುಳ ಗರಿ ತಿಂದೀತು, ಬಿಸಿಲು ಅಕ್ಷರಾನ ಏನೂ ಮಾಡಕ್ಕಾಗಲ್ಲ" ಎಂದ. ಇಷ್ಟು ವರ್ಷ ‘ಮಾಸದ ಮಸಿ’ ಎಂದು ಹೇಳಿಕೊಂಡು ಬಂದಿದ್ದೆ, ಯಾಕೆ ಮಾಸುವುದಿಲ್ಲ ಎಂದು ನನ್ನ ಮೇಷ್ಟ್ರೂ ಹೇಳಿರಲಿಲ್ಲ. ಆ ದಿನ ಉಳಿದ ಅರ್ಧ ಗಂಟೆ ಪಾಠ ಅವನೇ ಮಾಡಿದ. ಲೆಸನ್ ಪ್ಲಾನಿನಲ್ಲಿ ಎಲ್ಲಿ ಬರೆಯುವುದೆಂದು ತಿಳಿಯದೆ ‘ಘಟಕ 2 ಮುಂದುವರಿದಿದೆ’ ಎಂದು ಬರೆದೆ.

ನಿವೃತ್ತಿಯಾದ ಮೇಲೆ ಮಧ್ಯಾಹ್ನಗಳು ಮತ್ತೆ ಖಾಲಿ ಬಿದ್ದಿವೆ. ಹಾಗಾಗಿ ಇತಿಹಾಸದಲ್ಲಿ ಇನ್ನೊಂದು ಎಂ.ಎ. ಮಾಡೋಣವೆನ್ನಿಸಿ ದೂರಶಿಕ್ಷಣದ ಒಂದು ಅರ್ಜಿ ತುಂಬಲು ಅಣ್ಣನ ಮಗಳನ್ನು ಕೂರಿಸಿಕೊಂಡೆ. ಹೆಸರು, ಆಧಾರ್, ಫೋಟೊ ಆಯಿತು. ಹಿಂದಿನ ಪದವಿಯ ಸಿಜಿಪಿಎ ಕೇಳಿತು. ಸೆಕೆಂಡ್ ಕ್ಲಾಸ್ ಎಂದೆ. "ಅದು ತಗೊಳಲ್ಲ ಅತ್ತೆ, ನಂಬರ್ ಬೇಕು" ಎಂದು ನನ್ನ ಹಳೆಯ ಅಂಕಪಟ್ಟಿ ಇಸಿದುಕೊಂಡು, ಒಂಬತ್ತೂವರೆಯಿಂದ ಭಾಗಿಸಬೇಕೋ ಹತ್ತರಿಂದಲೋ ಎಂದು ಗೆಳತಿಗೆ ಫೋನು ಮಾಡಿದಳು. ಗೆಳತಿ ಇನ್ನೊಬ್ಬಳಿಗೆ ಮಾಡಿದಳು. ಕೊನೆಗೆ ಮೂವರೂ ಸೇರಿ ನನಗೆ ಆರು ಚಿಲ್ಲರೆ ಕೊಟ್ಟರು.

ಮುಂದಿನ ಕಾಲಂ ‘ಅಧ್ಯಯನದ ಉದ್ದೇಶ’. ಆಯ್ಕೆಗಳು ನಾಲ್ಕು: ಉದ್ಯೋಗ, ಬಡ್ತಿ, ಉನ್ನತ ವ್ಯಾಸಂಗ, ಇತರೆ. ಇತರೆ ಒತ್ತಿದರೆ ‘ನಮೂದಿಸಿ’ ಎಂದಿತು.

"ಟೈಂಪಾಸ್ ಅಂತ ಹಾಕ್ಲಾ?"

"ಹಾಕು. ಓಪನ್ ಎಲೆಕ್ಟಿವ್ ಯಾವುದು ಖಾಲಿ ಇದೆ ನೋಡು."

ಅವಳು ಕೆಳಗೆ ಸರಿಸಿದಳು. ಮನೋವಿಜ್ಞಾನ ಭರ್ತಿ, ಪತ್ರಿಕೋದ್ಯಮ ಭರ್ತಿ, ಕಂಪ್ಯೂಟರ್ ಮೂಲಗಳು ಭರ್ತಿ. ರೇಷ್ಮೆ ಕೃಷಿ ಇತ್ತು, ನಾಲ್ಕು ಕ್ರೆಡಿಟ್.

"ಅದೇ ಇರಲಿ. ಪ್ರಾಯೋಗಿಕ ಇದೆಯಾ ಕೇಳು, ಹಿತ್ತಲಲ್ಲಿ ಜಾಗ ಇದೆ" ಎಂದೆ.